ಏಳನೆಯ ಕಾಲಂ

ನನಗೆ ಸಿಟ್ಟು ಜಾಸ್ತಿ. ಇದು ನನ್ನ ಮಾತಲ್ಲ, ಶಹಾಪುರದ ಅರ್ಧ ಊರಿನ ಮಾತು. ಮೂವತ್ತೊಂದು ವರ್ಷ ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತವಳು ನಾನು, ಪಂಚಶೀಲಾ. ಅರ್ಧ ವಿಳಾಸ ಬರೆದುಕೊಂಡು ಬಂದವರಿಗೆ, ಗೋಂದು ಹತ್ತಿದ ಬೆರಳನ್ನು ಗೋಡೆಗೆ ಒರಸುವವರಿಗೆ, ಫಾರಮ್ಮಿನಲ್ಲಿ ಒಂದು ಕಾಲಂ ಖಾಲಿ ಬಿಟ್ಟು ‘ನೀವ ತುಂಬಕೋರಿ ಅಕ್ಕಾರ’ ಎನ್ನುವವರಿಗೆ ಬೈದು ಬೈದೇ ನನ್ನ ನೌಕರಿ ಮುಗಿಯಿತು. ನಿವೃತ್ತಿಯ ದಿನ ಹಾರ ಹಾಕಿದ ಪೋಸ್ಟ್‌ಮಾಸ್ತರರು ‘ಇನ್ನ ಕೌಂಟರ್ ತಣ್ಣಗಾಗ್ತದ’ ಎಂದು ಭಾಷಣದಲ್ಲೇ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಇನ್ನೇನು ಮಾಡುವುದು.

ಆಮೇಲೆ ಮನೆಯಲ್ಲಿ ಒಂಟಿ ಜೀವ. ಎಂಟು ತಿಂಗಳು ಹೇಗೋ ತಳ್ಳಿದೆ. ಆಗ ಒಂದು ಬಳಗದವರು ಚೀಟಿ ಹಂಚಿದರು. ಯಾದಗಿರಿಯ ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ ದೊಡ್ಡ ಬೇನೆ ಬಂದ ಮಕ್ಕಳಿದ್ದಾರೆ, ಅವರ ಜೊತೆ ಕೂತು ಆಡಲು ಜನ ಬೇಕಾಗಿದ್ದಾರೆ ಎಂದು ಅದರಲ್ಲಿತ್ತು. ನಾನು ಹೆಸರು ಕೊಟ್ಟೆ. ಪುಣ್ಯ ಗಳಿಸಲು ಹೋದಳು ಎಂದು ಯಾರೂ ತಿಳಿಯುವುದು ಬೇಡ. ವಾರಕ್ಕೆ ಎರಡು ದಿನವಾದರೂ ಸೀರೆ ಬದಲಿಸಿ ಬಸ್ಸು ಹತ್ತಬೇಕಿತ್ತು, ಹತ್ತಿದೆ.

ಆ ವಾರ್ಡಿನಲ್ಲಿ ಹನ್ನೆರಡು ಮಂಚ. ಹೈದರಾಬಾದಿನ ದೊಡ್ಡಾಸ್ಪತ್ರೆಯಲ್ಲಿ ಶುರುವಾದ ಔಷಧವನ್ನು ಇಲ್ಲಿ ಮುಂದುವರಿಸುವ ಮಕ್ಕಳೇ ಹೆಚ್ಚು. ಬಳಗದ ಉಳಿದವರು ಕೆಂಪು ಮೂಗು ಹಾಕಿಕೊಂಡು, ಬಲೂನು ಊದಿಕೊಂಡು ಕುಣಿಯುತ್ತಿದ್ದರು. ನನಗೆ ಅದು ಒಗ್ಗಲಿಲ್ಲ. ಮೊದಲ ದಿನ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದೆ. ನಾಲ್ಕನೇ ಮಂಚದ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನಿಮಗ ಏನರ ಬರ್ತದೇನ್ರಿ, ಇಲ್ಲಾ ಸುಮ್ಕ ಕೂಡಾಕ ಬಂದೀರಿ?’ ಎಂದಳು. ನನಗೆ ಬರುವುದು ಒಂದೇ. ‘ಟಪಾಲ ಬರ್ತದ’ ಎಂದೆ.

ಹೀಗೆ ವಾರ್ಡಿನಲ್ಲಿ ಅಂಚೆ ಶುರುವಾಯಿತು. ಕೈಗೆ ಸಲೈನ್ ಹಚ್ಚಿದ ಮಕ್ಕಳು ಮಂಚ ಇಳಿಯುವಂತಿಲ್ಲ, ಆದರೆ ಮಂಚದಿಂದ ಮಂಚಕ್ಕೆ ಪತ್ರ ಹೋಗಬಹುದು. ಮಂಚದ ಸಂಖ್ಯೆಯೇ ಪಿನ್ ಕೋಡು. ರಬ್ಬರು ಕೆತ್ತಿ ಮುದ್ರೆ ಮಾಡಿದೆ. ನಾನು ಹೋದ ದಿನ ಬಟವಾಡೆ ಎರಡು ಸಲ, ಹನ್ನೊಂದಕ್ಕೆ ಮತ್ತು ಮೂರಕ್ಕೆ. ಸಿಸ್ಟರ್ ನಾಗಲಕ್ಷ್ಮಿ ಮೊದಲು ನಕ್ಕರು, ಆಮೇಲೆ ಗುಳಿಗೆ ನುಂಗದವರಿಗೆ ತಾವೇ ನೋಟೀಸು ಕಳಿಸತೊಡಗಿದರು. ಮಕ್ಕಳು ನನ್ನನ್ನು ಟಪಾಲ ಆಯಿ ಎಂದು ಕರೆದರು. ನಮ್ಮ ಕಡೆ ಆಯಿ ಎಂದರೆ ಅಜ್ಜಿ.

ನಾಲ್ಕನೇ ಮಂಚದವಳ ಹೆಸರು ಬಸವೇಶ್ವರಿ. ಕೆಂಭಾವಿಯವಳು, ಹತ್ತು ವರ್ಷ. ರಕ್ತದ ಕ್ಯಾನ್ಸರು. ತಲೆಗೂದಲು ಪೂರಾ ಹೋಗಿತ್ತು, ಬಾಯಿ ಮಾತ್ರ ಎಲ್ಲೂ ಹೋಗಿರಲಿಲ್ಲ. ಅತಿ ಹೆಚ್ಚು ಪತ್ರ ಬರೆಯುತ್ತಿದ್ದವಳು ಅವಳೇ, ಎಲ್ಲವೂ ತಕರಾರು. ‘ಮಂಚ ನಂಬರ್ ಒಂಬತ್ತು ಇವರಿಗೆ, ನೀ ಮಧ್ಯಾಹ್ನ ಗೊರಕಿ ಹೊಡೀತಿ, ನನಗ ನಿದ್ದಿ ಬರವಲ್ದು, ಇಂತಿ ನಾಲ್ಕು.’ ಅವಳ ಜೊತೆಗಿದ್ದವಳು ಅವಳ ಆಯಿ ಗೊಲ್ಲಾಳಮ್ಮ. ದಿನಾ ಬೆಳಿಗ್ಗೆ ಮೊಮ್ಮಗಳ ಹಣೆಗೆ ವಿಭೂತಿ ಹಚ್ಚುವುದು, ದಿನವಿಡೀ ಮಂಚದ ಪಕ್ಕ ನೆಲದ ಮೇಲೆ ಕೂತಿರುವುದು. ಐದು ತಿಂಗಳಿಂದ ಆ ಮುದುಕಿ ಹಾಗೇ ಕೂತಿದ್ದಳು. ತಾಯಿ ಚಿಕ್ಕ ಮಗನನ್ನು ಕಟ್ಟಿಕೊಂಡು ಊರಲ್ಲಿದ್ದಳು.

ವಾರ್ಡಿನ ಡಾಕ್ಟರು ಸಂಗಮನಾಥ ಎಂದು, ಚಿಕ್ಕ ವಯಸ್ಸು, ಬೆಣ್ಣೆಯಂಥ ಮಾತು. ಅವರೇ ಒಮ್ಮೆ ನನಗೆ ಹೇಳಿದ್ದರು: ‘ಈ ಥರದ್ದು ಗುಣ ಆಗೋ ಬ್ಯಾನೀನ ಅದ ಮೇಡಂ. ಔಷಧ ತಪ್ಪಿಸದಂಗ ಮುಗಿಸಿದ ಮಕ್ಕಳು ಭಾಳ ಮಂದಿ ಉಳದಾರ. ನಡುವ ಬಿಟ್ಟವರದ ಫಿಕರ್.’ ಬಸವೇಶ್ವರಿಯ ಔಷಧ ಅಲ್ಲಿಯವರೆಗೆ ತಪ್ಪಿರಲಿಲ್ಲ. ತಪ್ಪಿಸಿದವಳು ನಾನು.

ಆದದ್ದು ಇಷ್ಟು. ಬಳಗದವರು ಒಂದು ಕಟ್ಟು ಫಾರಂ ಕಳಿಸಿದ್ದರು, ಮಗುವಿಗೊಂದು. ಏಳು ಕಾಲಂ. ಹೆಸರು, ವಯಸ್ಸು, ಊರು, ಮನೆಯ ಭಾಷೆ, ಇಷ್ಟದ ಬಣ್ಣ, ಇಷ್ಟದ ಆಟ. ಏಳನೆಯದು: ಮಗುವಿನ ಒಂದು ಆಸೆ. ಉಳಿದವರು ಏಳನೆಯದನ್ನು ಖಾಲಿ ಬಿಟ್ಟರು, ಇಲ್ಲವೇ ಗೀಟು ಎಳೆದರು. ನಾನು ಬಿಡುತ್ತೇನೆಯೇ? ಮಂಗಳವಾರ ಪೆನ್ನು ಹಿಡಿದು ನಾಲ್ಕನೇ ಮಂಚದ ಮುಂದೆ ನಿಂತು, ಕೌಂಟರಿನ ಗಟ್ಟಿ ದನಿಯಲ್ಲಿ ಕೇಳಿದೆ.

‘ಬಸವೇಶ್ವರಿ, ನಿನ್ನ ಒಂದು ಆಸೆ ಏನದ ಹೇಳು. ಏನ್ ಬೇಕಾದ್ರೂ ಹೇಳು.’

ಅವಳು ಹೆಚ್ಚು ಯೋಚಿಸಲಿಲ್ಲ. ‘ಸಜ್ಜಿ ರೊಟ್ಟಿ, ಬದನಿಕಾಯಿ ಎಣ್ಣಿಗಾಯಿ. ನಮ್ಮವ್ವ ಮಾಡಿದ್ದು. ಒಲಿ ಮುಂದ ಕೂತು ಉಣ್ಣಬೇಕು.’

ನಾನು ಬರೆದುಕೊಂಡೆ. ಕೆಳಗೆ ಕೂತು ಹೊದಿಕೆ ಮಡಚುತ್ತಿದ್ದ ಗೊಲ್ಲಾಳಮ್ಮನ ಕೈ ನಿಂತಿತು. ‘ಇದನ್ನ ಯಾಕ ಕೇಳ್ತೀರಿ ಅಕ್ಕಾರ?’ ಎಂದಳು.

‘ಬರಕೋಬೇಕಾಗ್ಯದ.’

‘ಡಾಕ್ಟರ್ ಸಾಹೇಬ್ರಿಗಿ ಗೊತ್ತದೇನ್ರಿ?’

‘ಎಲ್ಲಾರಿಗೂ ಗೊತ್ತದ’ ಎಂದೆ, ಐದನೇ ಮಂಚಕ್ಕೆ ಹೋದೆ.

ಶುಕ್ರವಾರ ಹೋದಾಗ ನಾಲ್ಕನೇ ಮಂಚದ ಮೇಲೆ ಹೊಸ ಚಾದರ ಹಾಸಿತ್ತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಸಿಸ್ಟರ್ ನಾಗಲಕ್ಷ್ಮಿ ಓಡಿ ಬಂದು, ‘ಹಂಗೇನಿಲ್ರಿ ಮೇಡಂ, ಮನಿಗಿ ಒಯ್ದಾರ’ ಎಂದರು. ‘ಬುಧವಾರ ಮುಂಜಾನಿ ಅಪ್ಪ ಬಂದಾನ, ಆಯಿ ಹೆಬ್ಬಟ್ಟು ಒತ್ತ್ಯಾಳ, ಕರಕೊಂಡು ಹೋಗ್ಯಾರ. ಎಷ್ಟು ಹೇಳಿದ್ರೂ ಕೇಳಲಿಲ್ಲ. ಯಾಕಬೇ ಅಂದ್ರ, ಟಪಾಲದ ಅಕ್ಕಾರ ಕೇಳಿದ್ರಲ್ಲ, ಇನ್ನೇನ ಉಳೀತು ಅಂದ್ಳು. ನೀವು ಏನ್ ಕೇಳಿದ್ರಿ?’

ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಮ್ಮ ಕಡೆ ಜೀವ ಹೋಗುವವರ ತಲೆಯ ಬಳಿ ಕೂತು ಕೇಳುತ್ತಾರೆ: ಏನ್ ಉಣ್ತಿ, ಯಾರನ್ನ ನೋಡ್ತಿ? ಉಳಿಯುವವರಿಗೆ ಯಾರೂ ಕೇಳುವುದಿಲ್ಲ, ಕೊಟ್ಟದ್ದನ್ನು ತಿನ್ನು ಎನ್ನುತ್ತಾರೆ. ನನ್ನ ಅವ್ವನಿಗೆ ನಾನೇ ಕೇಳಿದ್ದೆ. ಸೀತಾಫಲ ಎಂದಿದ್ದಳು. ಅದು ಸೀತಾಫಲದ ಕಾಲವಲ್ಲ. ಅಣ್ಣ ಎಲ್ಲೆಲ್ಲೋ ಅಲೆದು ಒಂದು ತಂದ, ಅವಳು ಎರಡು ಬೀಜದಷ್ಟು ಚೀಪಿದಳು, ಮೂರನೇ ದಿನ ಹೋದಳು. ಅಷ್ಟೆಲ್ಲ ಗೊತ್ತಿದ್ದ ನಾನು, ಹತ್ತು ವರ್ಷದ ಕೂಸಿಗೆ ಅದರ ಆಯಿಯ ಮುಂದೆ, ಆಸ್ಪತ್ರೆಯ ಹಗಲು ಬೆಳಕಿನಲ್ಲಿ, ಕೈಯಲ್ಲಿ ಪೆನ್ನು ಹಿಡಿದು ಅದನ್ನೇ ಕೇಳಿದ್ದೆ. ಒಂದು ಕಾಲಂ ಖಾಲಿ ಉಳಿಯಬಾರದೆಂದು.

ಡಾಕ್ಟರ ಹತ್ತಿರ ಹೋಗಿ ತಪ್ಪೊಪ್ಪಿಕೊಂಡೆ. ಅವರು ಬೈಯಲಿಲ್ಲ, ಬೈಯಲು ಬರುವುದೂ ಇಲ್ಲ. ‘ನಿನ್ನೆ ಔಷಧ ಹಾಕೋ ದಿನ ಇತ್ತು. ಈ ವಾರದಾಗ ಬಂದ್ರ ಸಂಭಾಳಸಬಹುದು. ಅದಕ್ಕೂ ಮುಂದ ಹೋದ್ರ ನಾ ಏನೂ ಹೇಳಾಂಗಿಲ್ಲ ಮೇಡಂ’ ಎಂದರು. ಅವಳ ಅಪ್ಪ ಸಂಗಣ್ಣನಿಗೆ ಫೋನು ಹಚ್ಚಿದೆ. ನಾಲ್ಕನೇ ಸಲ ಎತ್ತಿದ. ‘ಇನ್ನ ಸೂಜಿ ಚುಚ್ಚಿ ಯಾಕ್ರಿ ಅಕ್ಕಾರ ಗೋಳು? ಇದ್ದಷ್ಟ ದಿನ ಸುಖದಾಗ ಇರ್ಲಿ ಬಿಡ್ರಿ’ ಎಂದು ಇಟ್ಟುಬಿಟ್ಟ.

ಶನಿವಾರ ಬೆಳಿಗ್ಗೆ ಕೆಂಭಾವಿಯ ನೇರ ಬಸ್ಸು ಕಣ್ಣೆದುರೇ ಹೋಯಿತು. ಸುರಪುರ ಸುತ್ತಿ ಹೋದೆ. ಸುರಪುರದಲ್ಲಿ ಮುಕ್ಕಾಲು ಗಂಟೆ ನಿಂತೆ. ಬಸ್ಸಿನ ತುಂಬ ಮೆಣಸಿನಕಾಯಿ ಚೀಲ, ಎಲ್ಲರೂ ಸೀನುವವರೇ. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ: ಮೆತ್ತಗೆ ಹೇಳಬೇಕು, ತಪ್ಪು ನನ್ನದೆನ್ನಬೇಕು, ಡಾಕ್ಟರ ಮಾತು ಹೇಳಬೇಕು, ಸಿಟ್ಟಿಗೇಳಬಾರದು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಹತ್ತಾರು ಜೊತೆ ಚಪ್ಪಲಿ ಬಿದ್ದಿದ್ದವು. ಬೀಗರು, ಓಣಿಯವರು ಒಬ್ಬೊಬ್ಬರಾಗಿ ಬಂದು ಮಗುವಿನ ಮುಖ ನೋಡಿ ಹೋಗುತ್ತಿದ್ದರು. ಬರುವಾಗ ಶೇಂಗಾ ಹೋಳಿಗೆ, ರವೆ ಉಂಡೆ. ಸೋಂಕು ತಗಲಬಾರದೆಂದು ಆಸ್ಪತ್ರೆಯಲ್ಲಿ ನಾವು ಮೂಗುಬಾಯಿ ಕಟ್ಟಿಕೊಂಡು ನಿಲ್ಲುತ್ತಿದ್ದ ಮಗು ಅದು. ಇಲ್ಲಿ ಇಡೀ ಓಣಿ ಅದರ ಕೆನ್ನೆ ಮುಟ್ಟುತ್ತಿತ್ತು. ಒಬ್ಬ ಹೆಂಗಸು ನನ್ನ ಹೆಸರು ಕೇಳಿದಳು. ಹೇಳಿದೆ. ಹೆಸರು ಕೇಳಿಯೇ ಜಾತಿ ತಿಳಿದು ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಸಿದಳು. ಅದು ನನಗೆ ಹೊಸದಲ್ಲ, ಅವತ್ತು ಅದಕ್ಕೆ ಸಿಟ್ಟಾಗಲು ಪುರುಸೊತ್ತೂ ಇರಲಿಲ್ಲ.

ಕಟ್ಟೆಯಿಂದಲೇ ಪಡಸಾಲೆ ಕಾಣುತ್ತಿತ್ತು. ಹಗ್ಗದ ಹೊರಸಿನ ಮೇಲೆ ಬಸವೇಶ್ವರಿ ಹೊಸ ಜರಿ ಲಂಗ ತೊಟ್ಟು ಒರಗಿದ್ದಳು. ಸುತ್ತ ತಟ್ಟೆಗಳು. ತುಟಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದಳು, ನಗಲಿಲ್ಲ.

ಗೊಲ್ಲಾಳಮ್ಮ ಹೊರಗೆ ಬಂದು ಎದುರು ಕೂತಳು. ನಾನು ಜೋಡಿಸಿಕೊಂಡ ಮಾತೆಲ್ಲ ಹೇಳಿದೆ. ತಪ್ಪು ನನ್ನದು, ಅದು ಬರೀ ಒಂದು ಫಾರಂ, ಎಲ್ಲ ಮಕ್ಕಳಿಗೂ ಕೇಳಿದ್ದು, ಕೂಸು ಗುಣವಾಗುತ್ತಿದೆ, ಡಾಕ್ಟರು ಹೇಳಿದ್ದಾರೆ. ಅವಳು ಎಲ್ಲವನ್ನೂ ಕೇಳಿದಳು.

‘ನೀವು ಶಾಣ್ಯಾ ಮಂದಿ ಅಕ್ಕಾರ’ ಎಂದಳು. ‘ಫಾರಮ್ಮಿನ್ಯಾಗ ಸುಮ್ನ ಯಾರ ಬರೀತಾರ್ರಿ? ಮುದುಕಿ ಎದಿ ಒಡಕೋಬಾರ್ದಂತ ಸುಳ್ಳ ಹೇಳಾಕ ಇಷ್ಟು ದೂರ ಬಂದೀರಿ. ನಿಮ್ಮ ಋಣ ಮರಿಯಂಗಿಲ್ಲ.’

‘ಸುಳ್ಳಲ್ಲಬೇ, ಖರೇನ ಹೇಳಾಕತ್ತೇನಿ.’

‘ಹಂಗಂದ್ರ ಇಷ್ಟು ಮೆತ್ತಗ ಯಾಕ ಮಾತಾಡಾಕತ್ತೀರಿ? ಆಸ್ಪತ್ರ್ಯಾಗ ನೀವು ಹಿಂಗ ಮಾತಾಡಿದ್ದು ನಾ ಒಂದ ದಿನ ಕೇಳಿಲ್ಲ.’

ಮೆತ್ತಗೆ ಹೇಳಿದಷ್ಟೂ ಮುದುಕಿಯ ನಂಬಿಕೆ ಗಟ್ಟಿಯಾಗುತ್ತಿತ್ತು. ಮೆತ್ತಗಿನ ಮಾತು ಯಾವಾಗ ಆಡುತ್ತಾರೆಂಬುದು ಅವಳಿಗೆ ಗೊತ್ತು. ಮಧ್ಯಾಹ್ನದ ಬಸ್ಸಿಗೆ ನಾನು ಒಬ್ಬಳೇ ಹೊರಡಬೇಕಾಗುತ್ತದೆ, ಬರುವ ಶುಕ್ರವಾರದ ಹೊತ್ತಿಗೆ ಮಾತು ಮುಗಿದುಹೋಗಿರುತ್ತದೆ ಎಂದು ನನಗೆ ಭಯ ಶುರುವಾಯಿತು.

ಅಷ್ಟರಲ್ಲಿ ಒಳಗೆ ಬಸವೇಶ್ವರಿಯ ನಾಲ್ಕು ವರ್ಷದ ತಮ್ಮ ವಿಶ್ವರಾಧ್ಯ ಹೊರಸಿನ ಹತ್ತಿರ ಬಂದ. ಅವಳು ಅವನ ಕಿವಿ ಹಿಡಿದು ತಿರುಪಿದಳು. ಹುಡುಗ ಚೀರಿದ. ತಾಯಿ ಬಂದು ಅವನನ್ನು ಎತ್ತಿಕೊಂಡು ಹೋದಳು, ಮಗಳಿಗೆ ಒಂದು ಮಾತೂ ಅನ್ನಲಿಲ್ಲ. ಬಸವೇಶ್ವರಿ ಹಾಲಿನ ಲೋಟ ಎತ್ತಿಕೊಂಡಳು. ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, ನಿಧಾನಕ್ಕೆ ನೆಲದ ಮೇಲೆ ಸುರಿದಳು.

‘ಇರ್ಲಿ ಬಿಡು ನಮ್ಮವ್ವ’ ಎಂದು ಒಬ್ಬಳು ಅರಿವೆ ತಂದಳು.

ಹೋಳಿಗೆಯ ತಟ್ಟೆ ಎತ್ತಿದಳು. ಮತ್ತೆ ಎಲ್ಲರನ್ನೂ ನೋಡಿದಳು. ಅಂಗಳಕ್ಕೆ ಬೀಸಿದಳು. ತಟ್ಟೆ ಉರುಳಿ ಚಪ್ಪಲಿಗಳ ನಡುವೆ ಬಿತ್ತು.

‘ಇರ್ಲಿ ಬಿಡು, ಇನ್ನೊಂದು ಕೊಡ್ತೀನಿ ತಗೋ.’

ಅವಳ ಕಣ್ಣಲ್ಲಿ ತುಂಟತನ ಎಳ್ಳಷ್ಟೂ ಇರಲಿಲ್ಲ. ಹೆದರಿಕೆ ಇತ್ತು. ಎರಡು ದಿನದಿಂದ ಮನೆಯವರನ್ನು ಹೀಗೇ ಪರೀಕ್ಷೆ ಮಾಡುತ್ತಿದ್ದಳೆಂದು ಆಮೇಲೆ ತಾಯಿ ಹೇಳಿದಳು. ಆ ಗಳಿಗೆಯಲ್ಲಿ ನಾನು ಅಷ್ಟೆಲ್ಲ ಯೋಚಿಸಲಿಲ್ಲ. ಉಪಾಯ ಮಾಡಿದರು ಅಕ್ಕಾರು ಎಂದು ಊರವರು ಹೊಗಳಿದ್ದುಂಟು. ಉಪಾಯವೂ ಅಲ್ಲ, ಮಣ್ಣೂ ಅಲ್ಲ. ತಿನ್ನುವ ಅನ್ನ ಚಪ್ಪಲಿಯ ಮೇಲೆ ಬಿದ್ದದ್ದು ಕಂಡು ನನಗೆ ಉರಿದುಹೋಯಿತು. ಎದ್ದವಳೇ ಹೊಸ್ತಿಲು ದಾಟಿ ಹೊರಸಿನ ಮುಂದೆ ನಿಂತೆ.

‘ಏಯ್ ಬಸವೇಶ್ವರಿ! ಏನ್ ಸೊಕ್ಕು ಬಂದದ ನಿನಗ? ಮಂದಿ ಬೆವರು ಸುರಿಸಿ ಮಾಡಿ ತಂದಾರ, ನೀ ಚಪ್ಪಲಿ ಮ್ಯಾಲ ಒಗೀತಿ? ಜರಿ ಲಂಗ ಉಟ್ಟ ಕೂಡ್ಲೇ ರಾಣಿ ಆದೇನು? ಇಳಿ ಕೆಳಗ! ಇಳೀತಿಯೋ ಇಲ್ಲೋ? ಆ ತಟ್ಟಿ ಎತ್ತು, ಈ ಹಾಲ ಒರಸು! ಮೂಗ್ನ್ಯಾಗ ದಿಮಾಕು ನೋಡು!’

ಗೊಲ್ಲಾಳಮ್ಮ ನನ್ನ ಹಿಂದೆಯೇ ನುಗ್ಗಿ ಬಂದು ತೋಳು ಹಿಡಿದು ಜಗ್ಗಿದಳು.

‘ಬಾಯಿ ಮುಚ್ರಿ! ಸಾಯೋ ಕೂಸಿಗಿ ಬೈತೀರಲ್ರಿ, ನಿಮಗ ಕರುಳ ಇಲ್ಲೇನ್ರಿ?’

‘ಸಾಯೋ ಕೂಸಿಗಿ ಯಾರರ ಬೈತಾರೇನಬೇ?’ ಎಂದು ನಾನೂ ಅಷ್ಟೇ ಜೋರಾಗಿ ಕೂಗಿದೆ.

ಅವಳ ಹಿಡಿತ ಸಡಿಲವಾಯಿತು. ನನ್ನ ಮುಖವನ್ನು ದಿಟ್ಟಿಸಿದಳು. ನಾನು ಇನ್ನೂ ಸಿಟ್ಟಿನಲ್ಲೇ ನಡುಗುತ್ತಿದ್ದೆ. ಅದು ನಟನೆಯಲ್ಲ ಎಂದು ಅವಳಿಗೆ ಕಂಡಿತು.

ಹೊರಸಿನ ಮೇಲಿಂದ ಸಣ್ಣ ದನಿ ಬಂತು. ‘ಆಯೀ, ನೀನೂ ಬೈ.’

ಮುದುಕಿ ಬಾಯಿ ತೆರೆದಳು. ಮಾತು ಬರಲಿಲ್ಲ. ನಮ್ಮ ಕಡೆಯ ಮನೆ ಬೈಗುಳದಲ್ಲಿ ಅರ್ಧಕ್ಕರ್ಧ ಸಾವಿನವೇ. ನಿನ್ನ ಹೆಣಾ ಎತ್ಲಿ, ನಿನ್ನ ಮಣ್ಣಾಗ ಇಡ್ಲಿ ಎಂದು ದಿನಕ್ಕೆ ಹತ್ತು ಸಲ ಪ್ರೀತಿಯಿಂದಲೇ ಅನ್ನುತ್ತೇವೆ. ಹತ್ತು ವರ್ಷ ಆ ಮೊಮ್ಮಗಳಿಗೆ ಅಂದದ್ದೂ ಅವನ್ನೇ. ಈಗ ಅವೆಲ್ಲ ನಾಲಿಗೆಯ ತುದಿಗೆ ಬಂದು ನಿಂತವು, ಒಂದನ್ನೂ ಆಡುವ ಹಾಗಿಲ್ಲ. ಸಾವಿಲ್ಲದ ಬೈಗುಳ ಹುಡುಕುತ್ತ ಅವಳ ತುಟಿ ಅದುರಿತು. ಎಲ್ಲರೂ ಕಾದು ನಿಂತಿದ್ದರು.

ಕಡೆಗೆ ಕತ್ತೆಯೊಂದು ಸಿಕ್ಕಿತು. ‘ಕತ್ತಿ!’ ಎಂದಳು. ‘ಕತ್ತಿ ಅದ ಇದು, ಕತ್ತಿ! ಹಾಲ ಚೆಲ್ತದ ಕತ್ತಿ! ಏಳು, ಒರಸು!’

ಬಸವೇಶ್ವರಿ ಹೊರಸು ಇಳಿದಳು. ಗೋಡೆ ಹಿಡಿದುಕೊಂಡು ಬಗ್ಗಿ ಅರಿವೆ ತೆಗೆದುಕೊಂಡಳು. ಒರಸುತ್ತ ಒರಸುತ್ತ ಬಿಕ್ಕಿ ಬಿಕ್ಕಿ ಅತ್ತಳು, ಬೈಸಿಕೊಂಡ ಮಕ್ಕಳು ಅಳುವ ಹಾಗೆ. ಯಾರೂ ಅವಳ ಕೈಯಿಂದ ಅರಿವೆ ಕಸಿದುಕೊಳ್ಳಲಿಲ್ಲ. ಸಂಗಣ್ಣ ಅಂಗಳಕ್ಕೆ ಇಳಿದು, ಯಾದಗಿರಿಗೆ ಜೀಪು ಸಿಗುತ್ತದೇನೋ ಕೇಳಲು ಹೋದ.

ಸಂಜೆ ನಾಲ್ಕೂವರೆಗೆ ವಾರ್ಡು ಮುಟ್ಟಿದೆವು. ಸಿಸ್ಟರ್ ನಾಗಲಕ್ಷ್ಮಿ ಏನೂ ಕೇಳದೆ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ನಾಲ್ಕನೇ ಮಂಚ ಖಾಲಿಯೇ ಇತ್ತು. ಗೊಲ್ಲಾಳಮ್ಮ ಈ ಸಲ ನೆಲಕ್ಕೆ ಕೂರಲಿಲ್ಲ, ಮಂಚದ ಕಾಲು ಹಿಡಿದು ನಿಂತೇ ಇದ್ದಳು. ಒಂದು ಗಂಟೆಯ ಮೇಲೆ ಡಾಕ್ಟರು ಬಂದರು. ಬಸವೇಶ್ವರಿಯ ಹಣೆ ಮುಟ್ಟಿ, ತಮ್ಮ ಎಂದಿನ ದನಿಯಲ್ಲಿ, ‘ಬಂದೇನು ಪುಟ್ಟಿ? ಪರವಾಗಿಲ್ಲ, ಪರವಾಗಿಲ್ಲ’ ಎಂದರು.

ಆಯಿ, ಮೊಮ್ಮಗಳು ಇಬ್ಬರ ಮುಖವೂ ಒಮ್ಮೆಲೇ ಇಳಿಯಿತು.

‘ಸಾಹೇಬ್ರ,’ ಎಂದಳು ಗೊಲ್ಲಾಳಮ್ಮ, ‘ಆಕಿಗಿ ಬೈರಿ.’

‘ಏನ್ರಿ?’

‘ಆಕಿಗಿ ಒಂದೀಟು ಬೈರಿ, ನಿಮ್ಮ ಕಾಲ ಬೀಳ್ತೀನಿ.’

ಡಾಕ್ಟರು ನನ್ನ ಕಡೆ ನೋಡಿದರು. ನಾನು ಹೇಳಿಕೊಡಲು ಹೋಗಲಿಲ್ಲ. ಹೇಳಿಕೊಟ್ಟರೆ ಅದಕ್ಕೆ ಬೆಲೆ ಇರುವುದಿಲ್ಲ. ಅವರು ಕೈಯಲ್ಲಿದ್ದ ರಕ್ತದ ರಿಪೋರ್ಟು ತೆರೆದು ಓದಿದರು. ಮೇಲಿಂದ ಕೆಳಗೆ, ಮತ್ತೆ ಮೇಲಿಂದ. ಬಸವೇಶ್ವರಿ ಉಸಿರು ಬಿಗಿಹಿಡಿದು ಅವರ ಹುಬ್ಬು ನೋಡುತ್ತಿದ್ದಳು. ವಾರ್ಡಿನ ಉಳಿದ ಮಕ್ಕಳೂ ಎದ್ದು ಕೂತಿದ್ದವು. ಡಾಕ್ಟರು ರಿಪೋರ್ಟು ಮಡಚಿ ಮಂಚದ ಮೇಲೆ ಟಪ್ಪೆಂದು ಬಡಿದರು.

‘ಯಾರನ್ನ ಕೇಳಿ ಹೋದಿ ನೀನು?’ ರೂಢಿ ಇಲ್ಲದ್ದಕ್ಕೆ ಅವರ ದನಿ ನಡುವೆ ಒಡೆಯಿತು. ‘ಐದು ತಿಂಗಳ ನಾವು ಇಲ್ಲಿ ಏನ್ ಮಣ್ಣ ಹೊತ್ತೇವೇನು? ಇಷ್ಟು ಛಲೋ ಆಗಿತ್ತು, ಎರಡ ದಿನ ಔಷಧ ತಪ್ಪಿಸಿ, ಕರದಿದ್ದು ತಿಂದು, ಜ್ವರ ಹಚ್ಕೊಂಡು ಬಂದಿ! ಇನ್ನೂ ಎರಡು ವರ್ಷ ಬರೋದದ ನೀ ಇಲ್ಲಿಗಿ, ತಿಳೀತೇನು? ಇನ್ನೊಮ್ಮೆ ಹಿಂಗ ಮಾಡಿದ್ರ ನಾ ಸುಮ್ನ ಬಿಡಂಗಿಲ್ಲ!’

ಬಸವೇಶ್ವರಿ ಬಿಗಿಹಿಡಿದ ಉಸಿರು ಬಿಟ್ಟಳು. ಕುಪ್ಪಸದ ತೋಳು ಮೇಲೇರಿಸಿ ಕೈ ಚಾಚಿದಳು.

‘ಎಡಗೈಗಿ ಚುಚ್ರಿ’ ಎಂದಳು. ‘ಬಲಗೈ ನೋಯ್ತದ.’

‘ಅದೆಲ್ಲಾ ನಾ ನೋಡ್ಕೋತೀನಿ, ಬಾಯಿ ಮುಚ್ಕೊಂಡು ಕೂಡು’ ಎಂದರು ಡಾಕ್ಟರು.

ಗೊಲ್ಲಾಳಮ್ಮ ಗೋಡೆಗೆ ಬೆನ್ನು ಹಚ್ಚಿ ನೆಲಕ್ಕೆ ಕೂತಳು. ಐದು ತಿಂಗಳಲ್ಲಿ ಆ ಮುದುಕಿ ಕಣ್ಣೀರು ಹಾಕಿದ್ದನ್ನು ನಾವು ಯಾರೂ ನೋಡಿರಲಿಲ್ಲ. ಅವತ್ತು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.